ಮದ್ದಿನ ಗಿಡಕ್ಕೆ ಬೆಳವಣಿಗೆಯ ಟಾನಿಕ್ಕು ಬೇಕೆ?



ಕಳೆದ ಕಾರ್ತಿಕ ಮಾಸದಲ್ಲಿ ಉಡುತಡಿಯ ಕಡೆಯ ಭಕ್ತ ದಂಪತಿಗಳು ಮಠದ ದಾಸೋಹಕ್ಕೆಂದು ಒಂದು ಬುಟ್ಟಿ ಒಂದೆಲಗದ ಸೊಪ್ಪನ್ನು ತಂದಿದ್ದರು. ಗದ್ದೆಯ ಬದುವಿನಲ್ಲಿ ತಾನಾಗಿ ಹಬ್ಬುವ ಒಂದೆಲಗದ ಎಲೆ ಸಾಮಾನ್ಯವಾಗಿ ಹಳೆಯ ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಿರುತ್ತದೆ. ಇವರು ತಂದದ್ದರ ಎಲೆ ಅಂಗೈಯಗಲ, ತೊಟ್ಟು ಗೇಣುದ್ದ. ನೋಡಿದವರೆಲ್ಲ ಬೆರಗಾದರು. ಒಂದೆರಡು ಎಲೆಗಳನ್ನು ಅಗಿದು ನೋಡಿದೆವು. ಒಂದೆಲಗಕ್ಕೆ ಸಹಜವಾದ ಆ ಒಗರು ಬೆರೆತ ಕಹಿ ನಾಲಗೆಗೆ ಅಷ್ಟಾಗಿ ಹತ್ತಲಿಲ್ಲ. ವಿಚಾರಿಸಿದಾಗ, ಶುಂಠಿಗೆ ಹೊಡೆದು ಉಳಿದಿದ್ದ ಟಾನಿಕ್ಕನ್ನೇ ಹಿತ್ತಲಿನ ಒಂದೆಲಗದ ಪಾತಿಗೂ ಎರಡು ಸಲ ಸಿಂಪಡಿಸಿದ್ದಾಗಿ ಯಜಮಾನರು ತಿಳಿಸಿದರು. ಅವರ ಮನೆಯಾಕೆ ಮಾತ್ರ ಸ್ವಲ್ಪ ಅಳುಕಿನಿಂದಲೇ ಕೇಳಿದರು: "ಮೊಮ್ಮಗನಿಗೆ ಜ್ಞಾಪಕಶಕ್ತಿ ಬರಲಿ ಅಂತ ದಿನಾ ಬೆಳಿಗ್ಗೆ ಐದೈದು ಎಲೆ ತಿನ್ನಿಸ್ತಾ ಇದೀವಿ. ಏನೂ ತೊಂದರೆ ಇಲ್ಲ ಅಲ್ವಾ?"

ಆ ಪ್ರಶ್ನೆಗೆ ಆಗಲೇ ಉತ್ತರ ಹೇಳಲು ನಮ್ಮಿಂದಾಗಲಿಲ್ಲ. ಮುಂದಿನ ವಾರ ಅವರು ತಂದು ತೋರಿಸಿದ ಬಾಟಲಿಯ ಮೇಲೆ ಹಸಿರು ಬೆಳೆಯ ಚಿತ್ರವಿತ್ತು, ಇಳುವರಿ ಹೆಚ್ಚುವುದೆಂಬ ಭರವಸೆಯಿತ್ತು. ಒಳಗೆ ಏನಿದೆಯೆಂಬ ವಿವರವಿರಲಿಲ್ಲ. ಭಕ್ತರು ಶ್ರದ್ಧೆಯಿಂದ ಹೊತ್ತು ತಂದ ಸೊಪ್ಪನ್ನು ದಾಸೋಹದ ಅಡುಗೆಗೆ ಸೇರಿಸದೆ ಇರಿಸುವುದು ಸುಲಭದ ಕೆಲಸವಲ್ಲ. ಆದರೂ ಹಾಗೆಯೇ ಮಾಡಬೇಕಾಯಿತು. ಏಕೆ ಹಾಗೆ ಮಾಡಿದೆವೆಂಬುದನ್ನು ಅವರಿಗೆ ವಿವರಿಸುವಾಗ, ಇದೇ ಸಂದೇಹ ಇನ್ನೂ ಅನೇಕ ಮನೆಗಳಲ್ಲಿ ಇರಬಹುದೆಂದು ತೋರಿದ್ದರಿಂದ ಈ ತಿಂಗಳ ಆರೋಗ್ಯ ವಿಭಾಗವನ್ನು ಈ ವಿಷಯಕ್ಕೇ ಮೀಸಲಿಟ್ಟಿದ್ದೇವೆ.

ಗಿಡಮೂಲಿಕೆಯೂ ಮಠವೂ ಈ ಸೀಮೆಯಲ್ಲಿ ಹಳೆಯ ನಂಟುಳ್ಳವು. ಶಿರಾಳಕೊಪ್ಪದ ಬಳಿಯ ಬಳ್ಳಿಗಾವಿಯಲ್ಲಿ ಕಾಳಾಮುಖ ಗುರುಪರಂಪರೆಯ ಕೋಡಿಯ ಮಠವಿತ್ತು. ಕೇದಾರೇಶ್ವರ ದೇವಾಲಯಕ್ಕೆ ಸೇರಿದ 1162ರ ಶಾಸನವು ಆ ಮಠವನ್ನು ಬಣ್ಣಿಸುವಾಗ, ಅದು ವಿದ್ಯಾಭ್ಯಾಸದ ಮತ್ತು ಅನ್ನದಾನದ ಸ್ಥಾನವಾಗಿದ್ದಂತೆಯೇ ನಾನಾ ರೋಗಿಗಳ ಚಿಕಿತ್ಸೆಯ ಸ್ಥಾನವೂ ಆಗಿತ್ತೆಂದು ತಿಳಿಸುತ್ತದೆ. ಅಕ್ಕಮಹಾದೇವಿ ಉಡುತಡಿಯನ್ನು ಬಿಟ್ಟು ಕಲ್ಯಾಣದತ್ತ ನಡೆದ ಶತಮಾನವೂ ಅದೇ. ಶರಣರ ನಡುವೆ ವೈದ್ಯ ಸಂಗಣ್ಣನೆಂಬ ವಚನಕಾರನಿದ್ದನು. ಅವನ ಕಾಯಕವೇ ವೈದ್ಯ. ಅಂದಿನ ವೈದ್ಯನು ಬೇರನ್ನು ತಾನೇ ಅಗೆದು, ಎಲೆಯನ್ನು ತಾನೇ ಕೊಯ್ದು, ಮೂಸಿ, ನೆಕ್ಕಿ, ಇದು ಸರಿಯೆಂದು ಮನಗಂಡು ಮದ್ದು ಅರೆಯುತ್ತಿದ್ದನು. ಇಂದು ಗಿಡ ಎಲ್ಲಿ ಬೆಳೆಯಿತು, ಅದಕ್ಕೆ ಏನನ್ನು ಸಿಂಪಡಿಸಿದರು ಎಂಬುದು ತಿನ್ನುವವನಿಗೆ ತಿಳಿಯದು. ಕೆಲವೊಮ್ಮೆ ಬೆಳೆದವನಿಗೂ ತಿಳಿಯದು.

ಚೋದಕವೆಂದರೇನು?

ಟಾನಿಕ್ಕೆಂದು ಮಾರುವ ದ್ರವಗಳಲ್ಲಿ ಕೆಲವು ಬರಿಯ ಪೋಷಕಾಂಶಗಳು, ಕೆಲವು ಸಮುದ್ರಕಳೆಯ ಸಾರ, ಮತ್ತೆ ಕೆಲವು ಸಸ್ಯಚೋದಕಗಳು, ಅಂದರೆ ಸಸ್ಯದ ಹಾರ್ಮೋನುಗಳು. ಗೊಬ್ಬರವು ಗಿಡಕ್ಕೆ ಆಹಾರ. ಚೋದಕವು ಆಹಾರವಲ್ಲ, ಆಜ್ಞೆ. ಉದ್ದವಾಗು, ಬೇರು ಬಿಡು, ಹೂವಾಗು, ಹಣ್ಣಾಗು, ಎಲೆ ಉದುರಿಸು, ನಿದ್ರಿಸು ಎಂದು ಗಿಡದ ಒಂದು ಭಾಗವು ಮತ್ತೊಂದು ಭಾಗಕ್ಕೆ ಕಳಿಸುವ ಸಂದೇಶವದು. ಪ್ರಮಾಣ ಅತ್ಯಲ್ಪ, ನೀರಿನ ಹತ್ತು ಲಕ್ಷ ಭಾಗದಲ್ಲಿ ಕೆಲವೇ ಭಾಗದಷ್ಟಿದ್ದರೂ ಗಿಡ ಅದನ್ನು ಗುರುತಿಸುತ್ತದೆ.

ಇವುಗಳ ಶೋಧನೆಯ ಕಥೆಯಲ್ಲಿ ನಮ್ಮ ಭಕ್ತರಿಗೆ ಪರಿಚಿತವಾದ ವಸ್ತುಗಳೇ ಬಹಳ. ಕಿಟಕಿಯ ಬಳಿ ಇಟ್ಟ ಸಸಿ ಬೆಳಕಿನತ್ತ ಬಾಗುವುದನ್ನು ಎಲ್ಲರೂ ಕಂಡಿದ್ದೇವೆ. ಬೆಳಕನ್ನು ಅರಿಯುವುದು ಮೊಳಕೆಯ ತುದಿ, ಬಾಗುವುದು ಅದರ ಕೆಳಗಿನ ಭಾಗ, ಆದ್ದರಿಂದ ನಡುವೆ ಏನೋ ಹರಿದುಬರುತ್ತಿರಬೇಕೆಂದು ಚಾರ್ಲ್ಸ್ ಡಾರ್ವಿನ್ ಮತ್ತು ಅವರ ಮಗ ಫ್ರಾನ್ಸಿಸ್ 1880ರಲ್ಲಿ ತೋರಿಸಿದರು. ಆ ವಸ್ತುವೇ ಆಕ್ಸಿನ್. 1926ರಲ್ಲಿ ಹಾಲೆಂಡಿನ ಫ್ರಿಟ್ಸ್ ವೆಂಟ್ ಎಂಬ ವಿಜ್ಞಾನಿ ಓಟ್ಸ್ ಮೊಳಕೆಯ ತುದಿಯಿಂದ ಅದನ್ನು ಬೇರ್ಪಡಿಸಿ ಅದರ ಕೆಲಸವನ್ನು ಅಳೆದರು. ಅದೇ ವರ್ಷ ತೈವಾನಿನಲ್ಲಿ ಜಪಾನಿನ ಕುರೊಸಾವಾ ಎಂಬುವರು ಭತ್ತದ ಒಂದು ರೋಗವನ್ನು ಪರೀಕ್ಷಿಸುತ್ತಿದ್ದರು. ರೋಗ ತಗುಲಿದ ಸಸಿ ಉಳಿದವುಗಳಿಗಿಂತ ಎತ್ತರಕ್ಕೆ, ಬಿಳಿಚಿಕೊಂಡು, ಬಡಕಲಾಗಿ ಬೆಳೆದು ಕೊನೆಗೆ ಒರಗಿ ಬೀಳುತ್ತಿತ್ತು, ಕಾಳು ಕಟ್ಟುತ್ತಿರಲಿಲ್ಲ. ಅಲ್ಲಿನ ರೈತರು ಅದನ್ನು ಮಂಕು ಸಸಿಯೆಂದು ಕರೆಯುತ್ತಿದ್ದರು. ಆ ಎತ್ತರಕ್ಕೆ ಕಾರಣ ಒಂದು ಶಿಲೀಂಧ್ರವು ಸ್ರವಿಸುವ ವಸ್ತುವೆಂದು ಅವರು ತೋರಿಸಿದರು. ಜಿಬ್ಬರೆಲಿನ್ ಎಂಬ ಚೋದಕ ನಮಗೆ ದೊರೆತದ್ದು ಹೀಗೆ, ಒಂದು ರೋಗದ ಮೂಲಕ. ಮದ್ದಿನ ಗಿಡಗಳ ವಿಷಯಕ್ಕೆ ಬಂದಾಗ ಈ ಮಂಕು ಸಸಿ ನಮಗೆ ಮತ್ತೆ ಮತ್ತೆ ನೆನಪಾಗುತ್ತದೆ.

ಬಾಳೆಗೊನೆಯನ್ನು ಹೊಗೆಯಲ್ಲಿಟ್ಟು ಹಣ್ಣು ಮಾಡುವ ಕ್ರಮವನ್ನು ನಮ್ಮ ಅಜ್ಜಿಯರು ಯಾವ ಶಾಸ್ತ್ರವನ್ನೂ ಓದದೆ ನಡೆಸಿದರು. ಹೊಗೆಯಲ್ಲಿರುವ ಎಥಿಲೀನ್ ಎಂಬ ಅನಿಲವೂ ಒಂದು ಸಸ್ಯಚೋದಕವೇ. ಸೊರಬ ಮತ್ತು ಬನವಾಸಿಯ ಸುತ್ತ ಅನಾನಸ್ ಬೆಳೆಯುವ ರೈತರು ಎಲ್ಲ ಗಿಡಗಳೂ ಒಮ್ಮೆಲೇ ಹೂ ಬಿಡಲೆಂದು ಸುಳಿಗೆ ಸುರಿಯುವ ಎಥ್ರೆಲ್ ದ್ರವದಲ್ಲಿರುವ ಎಥೆಫಾನ್, ಗಿಡದೊಳಗೆ ಕರಗಿ ಬಿಡುಗಡೆ ಮಾಡುವುದು ಇದೇ ಎಥಿಲೀನನ್ನು. ಆದುದರಿಂದ ಈ ಭಾಗದ ರೈತರಿಗೆ ಸಸ್ಯಚೋದಕವೆಂಬುದು ಹೊಸದೇನೂ ಅಲ್ಲ. ಹೆಸರು ಮಾತ್ರ ಹೊಸದು.

ಇನ್ನು ಸೈಟೊಕೈನಿನ್. ಇದು ಜೀವಕೋಶಗಳನ್ನು ವಿಭಜಿಸಿ ಚಿಗುರೊಡೆಸುವ ಚೋದಕ. 1941ರಲ್ಲಿ ಅಮೆರಿಕದ ವಿಜ್ಞಾನಿಗಳು ದತ್ತೂರಿಯ ಅತಿ ಎಳೆಯ ಭ್ರೂಣಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಲು ಹೆಣಗುತ್ತಿದ್ದಾಗ ಅವು ಬದುಕಿದ್ದು ತೆಂಗಿನಕಾಯಿಯ ನೀರನ್ನು ಸೇರಿಸಿದ ಮೇಲೆ. ಆ ನೀರಿನಲ್ಲಿ ಸೈಟೊಕೈನಿನ್ ಇದೆಯೆಂಬುದು ಅನಂತರ ಖಚಿತವಾಯಿತು. 1964ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಶಿಪ್ರಾ ಗುಹಾ ಮತ್ತು ಸತೀಶ್ ಚಂದ್ರ ಮಾಹೇಶ್ವರಿಯವರು ದತ್ತೂರಿ ಹೂವಿನ ಪರಾಗಕೋಶದಿಂದಲೇ ಸಸಿಯನ್ನು ಎಬ್ಬಿಸಿ ಲೋಕಕ್ಕೆ ತೋರಿಸಿದರು. ಶಿವನಿಗೆ ಏರಿಸುವ ದತ್ತೂರಿಯೂ ಅಭಿಷೇಕದ ಎಳನೀರೂ ಪ್ರಯೋಗಶಾಲೆಯಲ್ಲಿ ಹೀಗೆ ಒಂದುಗೂಡಿದವೆಂಬುದು ಓದಿದಾಗ ನಮಗೆ ಸಂತೋಷವಾದ ಸಂಗತಿ.

ಇಲ್ಲಿ ಒಂದು ಭಯವನ್ನು ನಿವಾರಿಸಬೇಕು. ಹಾರ್ಮೋನು ಎಂಬ ಮಾತು ಕೇಳಿದೊಡನೆ ಹಾಲು ಕರೆಯಲು ಎಮ್ಮೆಗೆ ಚುಚ್ಚುವ ಆಕ್ಸಿಟೋಸಿನ್ ಇಂಜೆಕ್ಷನ್ನು ನೆನಪಾಗಿ ಜನ ಹೆದರುತ್ತಾರೆ. ಅದು ಪ್ರಾಣಿಯ ಹಾರ್ಮೋನು. ಆಕ್ಸಿನ್, ಜಿಬ್ಬರೆಲಿನ್, ಸೈಟೊಕೈನಿನ್‌ಗಳು ಸಸ್ಯದವು. ನಾವು ತಿನ್ನುವ ಪ್ರತಿಯೊಂದು ಸೊಪ್ಪು, ಕಾಳು, ಹಣ್ಣಿನಲ್ಲಿಯೂ ಅವು ಸಹಜವಾಗಿಯೇ ಇವೆ. ಅವು ನಮ್ಮ ದೇಹದಲ್ಲಿ ಹಾರ್ಮೋನಿನಂತೆ ವರ್ತಿಸುವುದಿಲ್ಲ. ಒಂದೆಲಗಕ್ಕೆ ಜಿಬ್ಬರೆಲಿನ್ ಬಿದ್ದಿತೆಂದ ಮಾತ್ರಕ್ಕೆ ತಿಂದ ಮಗುವೂ ಗೇಣುದ್ದ ಬೆಳೆಯುವುದಿಲ್ಲ. ಹಾಗಾದರೆ ನಮ್ಮ ಆಕ್ಷೇಪವೇನು? ಆಕ್ಷೇಪ ಎರಡು. ಒಂದು, ಗಿಡ ಬೆಳೆದಷ್ಟೂ ಮದ್ದು ಬೆಳೆಯುವುದಿಲ್ಲ. ಎರಡು, ಬಾಟಲಿಯಲ್ಲಿ ಇರುವುದೆಲ್ಲ ಸಹಜ ಚೋದಕವೇ ಆಗಿರಬೇಕೆಂದಿಲ್ಲ.

ಮದ್ದು ಎಲ್ಲಿಂದ ಬರುತ್ತದೆ?

ಗಿಡವು ತನ್ನ ಬಾಳ್ವೆಗೆ ಪಿಷ್ಟ, ಸಕ್ಕರೆ, ಸಸಾರಜನಕಗಳನ್ನು ಮಾಡಿಕೊಳ್ಳುತ್ತದೆ. ಇವು ಎಲ್ಲ ಗಿಡಗಳಲ್ಲಿಯೂ ಒಂದೇ. ಆದರೆ ಬೇವಿನ ಕಹಿ, ಶುಂಠಿಯ ಖಾರ, ತುಳಸಿಯ ಪರಿಮಳ, ಎಕ್ಕದ ಹಾಲು ಬೇರೆ ಬಗೆಯವು. ಗಿಡಕ್ಕೆ ಓಡಲು ಕಾಲಿಲ್ಲ, ಹೊಡೆಯಲು ಕೈಯಿಲ್ಲ. ಹುಳು ಕಡಿದಾಗ, ಬೂಸ್ಟು ತಗುಲಿದಾಗ, ಬಿಸಿಲು ಸುಟ್ಟಾಗ, ನೀರು ಸಾಲದಾದಾಗ ತನ್ನನ್ನು ಕಾಪಾಡಿಕೊಳ್ಳಲು ಅದು ಮಾಡಿಕೊಳ್ಳುವ ವಸ್ತುಗಳಿವು. ಇವನ್ನು ದ್ವಿತೀಯಕ ವಸ್ತುಗಳೆನ್ನುತ್ತಾರೆ. ನಾವು ಮದ್ದೆಂದು ಕರೆಯುವುದು ಬಹುಮಟ್ಟಿಗೆ ಇವನ್ನೇ. ಗಿಡದ ಕಷ್ಟವೇ ನಮಗೆ ಔಷಧ ಎಂದರೂ ತಪ್ಪಾಗದು.

ಬೆಳವಣಿಗೆಯೂ ರಕ್ಷಣೆಯೂ ಒಂದೇ ಕಣಜದ ಕಾಳನ್ನು ಹಂಚಿಕೊಳ್ಳಬೇಕು. ಬೇಗ ಬೆಳೆ ಎಂಬ ಆಜ್ಞೆ ಹೊರಗಿನಿಂದ ಬಂದಾಗ ಗಿಡ ತನ್ನ ಸಾಮಗ್ರಿಯನ್ನು ಎಲೆಯನ್ನು ಹಿಗ್ಗಿಸಲು, ತೊಟ್ಟನ್ನು ಎಳೆಯಲು ವೆಚ್ಚ ಮಾಡುತ್ತದೆ. ಕಹಿಗೆ ಉಳಿಯುವುದು ಕಡಿಮೆಯಾಗಬಹುದು. ಹಿಗ್ಗಿದ ಕೋಶದಲ್ಲಿ ತುಂಬಿಕೊಳ್ಳುವುದು ಹೆಚ್ಚಾಗಿ ನೀರು. ಆಲೆಮನೆಯಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊನೆಗಾಲದಲ್ಲಿ ಯೂರಿಯಾ ಮತ್ತು ನೀರನ್ನು ಅತಿಯಾಗಿ ಕೊಟ್ಟ ಕಬ್ಬು ಗಾಡಿಯಲ್ಲಿ ಭಾರವಾಗಿ ತೂಗುತ್ತದೆ, ಹಾಲೂ ಬಹಳ ಬರುತ್ತದೆ. ಕೊಪ್ಪರಿಗೆಯಲ್ಲಿ ಕಾಯಿಸಿ ಇಳಿಸಿದಾಗ ಬೆಲ್ಲ ಮಾತ್ರ ಕೈಗೆ ಹತ್ತುವುದಿಲ್ಲ.

ಚೋದಕಗಳ ವಿಷಯದಲ್ಲಿ ಇದಕ್ಕೆ ತೀರ ಸ್ಪಷ್ಟವಾದ ಎರಡು ಉದಾಹರಣೆಗಳಿವೆ. ಒಂದು ಹೊಗೆಸೊಪ್ಪು. ಅದರ ನಿಕೋಟಿನ್ ತಯಾರಾಗುವುದು ಬೇರಿನಲ್ಲಿ. ಅಲ್ಲಿಂದ ಎಲೆಗೆ ಏರುತ್ತದೆ. ಬೆಳೆಗಾರರು ಹೂ ಬಿಡುವ ಹೊತ್ತಿಗೆ ಗಿಡದ ತುದಿಯನ್ನು ಚಿವುಟುವುದುಂಟು. ತುದಿ ಹೋದೊಡನೆ ಅಲ್ಲಿಂದ ಇಳಿದುಬರುತ್ತಿದ್ದ ಆಕ್ಸಿನ್ ನಿಲ್ಲುತ್ತದೆ, ಬೇರಿನಲ್ಲಿ ನಿಕೋಟಿನ್ ತಯಾರಿಕೆ ಏರುತ್ತದೆ. ಅಂದರೆ ಬೆಳವಣಿಗೆಯ ಚೋದಕವೇ ಅಲ್ಲಿಯವರೆಗೆ ಆ ಘಾಟನ್ನು ಅದುಮಿ ಹಿಡಿದಿತ್ತು. ಹೊಗೆಸೊಪ್ಪಿನ ಘಾಟು ಯಾರಿಗೂ ಹಿತವಲ್ಲ, ಅದನ್ನು ಉದಾಹರಣೆಗಾಗಿ ಮಾತ್ರ ಹೇಳಿದೆವು.

ಎರಡನೆಯದು ಮನೆಯಂಗಳದ ನಿತ್ಯಪುಷ್ಪ. ಮಕ್ಕಳ ರಕ್ತದ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್ ಎಂಬ ಔಷಧ ಈ ಗಿಡದ್ದು. ಎಲೆಯಲ್ಲಿ ಅದರ ಪ್ರಮಾಣ ಅತ್ಯಲ್ಪವಾದುದರಿಂದ, ಗಿಡದ ಜೀವಕೋಶಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ ಮದ್ದು ಪಡೆಯಲು ಹಲವು ದೇಶಗಳಲ್ಲಿ ಯತ್ನಿಸಿದರು. ಆಕ್ಸಿನ್ ಬಗೆಯ 2,4-ಡಿ ಎಂಬ ಚೋದಕವನ್ನು ಹಾಕಿದಾಗ ಕೋಶಗಳು ಸೊಂಪಾಗಿ ಬೆಳೆದವು, ಆದರೆ ಅವುಗಳಲ್ಲಿ ಮದ್ದಿನ ಕ್ಷಾರಗಳು ಕುಸಿದವು. ಅದನ್ನು ತೆಗೆದು, ಸೈಟೊಕೈನಿನ್ ಮತ್ತು ಜ್ಯಾಸ್ಮೊನೇಟುಗಳನ್ನು ಕೊಟ್ಟಾಗ ಕ್ಷಾರಗಳು ಏರಿದವು.

ಜ್ಯಾಸ್ಮೊನೇಟ್ ಎಂಬ ಹೆಸರು ಬಂದದ್ದು ಮಲ್ಲಿಗೆಯಿಂದ. 1962ರಲ್ಲಿ ಜಾಜಿಮಲ್ಲಿಗೆಯ ತೈಲದಲ್ಲಿ, ಪರಿಮಳದ ಒಂದು ಅಂಶವಾಗಿ ಅದನ್ನು ಮೊದಲು ಗುರುತಿಸಿದರು. ಅದು ಗಿಡಕ್ಕೆ ಅಪಾಯದ ಗಂಟೆಯೆಂಬುದು ಬಹುಕಾಲದ ಮೇಲೆ ತಿಳಿಯಿತು. ಹುಳು ಎಲೆಯನ್ನು ಕಡಿದೊಡನೆ ಗಿಡದಲ್ಲಿ ಜ್ಯಾಸ್ಮೊನೇಟ್ ಏರುತ್ತದೆ. ಅದು ಏರಿದೊಡನೆ ರಕ್ಷಣೆಯ ವಸ್ತುಗಳು, ಅಂದರೆ ನಮ್ಮ ಮದ್ದಿನ ಅಂಶಗಳು, ತಯಾರಾಗತೊಡಗುತ್ತವೆ. ಹುಳು ತಿಂದು ತೂತಾದ ನಾಲ್ಕು ಎಲೆಗಳನ್ನು ಕಂಡೊಡನೆ ಮುಖ ಸಿಂಡರಿಸಬೇಡಿರೆಂದು ನಾವು ಮಠದ ತೋಟಕ್ಕೆ ಬರುವ ಮಕ್ಕಳಿಗೆ ಹೇಳುವುದು ಈ ಕಾರಣದಿಂದಲೇ.

ಎಲ್ಲ ಗಿಡಕ್ಕೂ ಇದೊಂದೇ ನಿಯಮವೆಂದು ಹೇಳಿದರೆ ಅದು ಅತಿಯಾದೀತು. ಮಲೇರಿಯಾ ಮದ್ದಿನ ಆರ್ಟೆಮಿಸಿಯಾ ಗಿಡಕ್ಕೆ ಜಿಬ್ಬರೆಲಿನ್ ಕೊಟ್ಟಾಗ ಅದರ ಆರ್ಟೆಮಿಸಿನಿನ್ ಅಂಶ ಹೆಚ್ಚಿದ ವರದಿಗಳಿವೆ. ಮದ್ದಿನ ಅಂಶ ಶೇಕಡಾವಾರು ಇಳಿದರೂ, ಸೊಪ್ಪು ಇಮ್ಮಡಿಯಾದಾಗ ಹೊಲದ ಒಟ್ಟು ಲೆಕ್ಕದಲ್ಲಿ ಲಾಭವೇ ಕಾಣಬಹುದು. ಸಾರವನ್ನು ಹಿಂಡಿ ಅಳೆದು ಗುಳಿಗೆ ಮಾಡುವ ಕಾರ್ಖಾನೆಗೆ ಇದು ಒಪ್ಪುತ್ತದೆ. ಆದರೆ ಮನೆಯಲ್ಲಿ ಐದು ಎಲೆ, ಮೂರು ಬೆರಳು ಬೇರು, ಒಂದು ಹಿಡಿ ಸೊಪ್ಪು ಎಂಬ ಲೆಕ್ಕದಲ್ಲಿ ಮದ್ದು ಕೊಡುವವರು ನಾವು. ನಮಗೆ ತಕ್ಕಡಿಯಿಲ್ಲ, ಪ್ರಯೋಗಶಾಲೆಯಿಲ್ಲ. ಹಿರಿಯರು ಐದು ಎಲೆಯೆಂದಾಗ ಅವರ ಕಣ್ಣ ಮುಂದಿದ್ದದ್ದು ಬದುವಿನ ಒಂದೆಲಗ. ಎಲೆಯ ಸ್ವರೂಪವೇ ಬದಲಾದ ಮೇಲೆ ಆ ಅಳತೆಯೂ ಸುಳ್ಳಾಗುತ್ತದೆ.

ಗಿಡವನ್ನು ಬೆಳೆಸುವ ಬದಲು ಗಾಯಗೊಳಿಸಿ ಮದ್ದನ್ನು ಹೆಚ್ಚಿಸುವ ಮಾರ್ಗವೂ ಇದೆ. ಅದು ಎಲ್ಲಿಗೆ ಒಯ್ಯುತ್ತದೆಂಬುದಕ್ಕೆ ಗುಗ್ಗುಲದ ಗಿಡವೇ ಸಾಕ್ಷಿ. ವೀರಭದ್ರನ ಗುಗ್ಗಳ ಸೇವೆಯಿಂದ ಆ ಹೆಸರು ನಮ್ಮೆಲ್ಲರ ಮನೆಮಾತು. ಸಂಧಿವಾತಕ್ಕೆ ಕೊಡುವ ಯೋಗರಾಜ ಗುಗ್ಗುಲು ಮೊದಲಾದ ಔಷಧಗಳಿಗೆ ಅದರ ಅಂಟೇ ಆಧಾರ. ರಾಜಸ್ಥಾನ, ಗುಜರಾತಿನ ಒಣ ನೆಲದಲ್ಲಿ ನಿಧಾನವಾಗಿ ಬೆಳೆಯುವ ಈ ಗಿಡದ ತೊಗಟೆಗೆ ಕಚ್ಚು ಹಾಕಿ, ಅನಾನಸಿಗೆ ಬಳಸುವ ಅದೇ ಎಥೆಫಾನನ್ನು ತುಂಬಿದರೆ ಅಂಟು ಹಲವು ಪಟ್ಟು ಹೆಚ್ಚಾಗಿ ಸುರಿಯುತ್ತದೆಂದು ಪ್ರಯೋಗಗಳು ತೋರಿಸಿದವು. ಪ್ರಮಾಣವನ್ನೂ ವಿರಾಮವನ್ನೂ ಲೆಕ್ಕವಿಟ್ಟು ಮಾಡಬೇಕಾದ ಕೆಲಸವದು. ದುರಾಸೆಯ ಕೈಗೆ ಸಿಕ್ಕಿದ ಗಿಡ ತನ್ನಲ್ಲಿದ್ದ ಅಂಟನ್ನೆಲ್ಲ ಒಮ್ಮೆಗೇ ಸುರಿಸಿ ಒಣಗುತ್ತದೆ. ಮಿತಿಮೀರಿದ ಕೊಯ್ಲಿನಿಂದಾಗಿ ಇಂದು ಗುಗ್ಗುಲವು ಅಳಿವಿನ ತೀರ ಅಂಚಿನಲ್ಲಿರುವ ಸಸ್ಯಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸೇರಿದೆ.

ಚೋದಕಕ್ಕೆ ತಕ್ಕ ಸ್ಥಳ

ಇಷ್ಟೆಲ್ಲ ಹೇಳಿದ ಮೇಲೆ, ಮಠದವರು ಚೋದಕಗಳನ್ನು ಪೂರ್ತಿ ವಿರೋಧಿಸುತ್ತಾರೆಂದು ಯಾರೂ ತಿಳಿಯಬಾರದು. ಸಸಿಮಡಿಯಲ್ಲಿ ಅವುಗಳ ಉಪಕಾರ ದೊಡ್ಡದು. ಶ್ರೀಗಂಧವನ್ನೇ ನೋಡಿರಿ. ಸಾಗರ, ಸೊರಬಗಳ ಗುಡಿಗಾರರ ಉಳಿಗೆ ಅನ್ನ ಕೊಟ್ಟ ಮರವದು; ದಾಹ, ಉರಿಗಳಿಗೆ ಆಯುರ್ವೇದದಲ್ಲಿ ಮದ್ದೂ ಹೌದು. ಅದರ ಬೀಜ ಒಂದೇ ಸಮನೆ ಮೊಳೆಯುವುದಿಲ್ಲ, ತಿಂಗಳುಗಟ್ಟಲೆ ಸತಾಯಿಸುತ್ತದೆ. ಲೀಟರು ನೀರಿಗೆ ಅರ್ಧ ಗ್ರಾಂ ಜಿಬ್ಬರೆಲಿಕ್ ಆಮ್ಲದ ದ್ರಾವಣದಲ್ಲಿ ಒಂದು ರಾತ್ರಿ ನೆನೆಸಿ ಬಿತ್ತಿದರೆ ಮೊಳಕೆ ಬೇಗನೆ, ಸಮನಾಗಿ ಬರುತ್ತದೆ. ನರ್ಸರಿಗಳಲ್ಲಿ ಇದು ರೂಢಿಯಲ್ಲಿರುವ ಕ್ರಮ. ಆ ಮರ ಚೇಗು ಕಟ್ಟಿ ಪರಿಮಳ ತುಂಬಿಕೊಳ್ಳುವುದಕ್ಕೆ ವರ್ಷಾನುಗಟ್ಟಲೆ ಬೇಕು. ಬೀಜಕ್ಕೆ ತಾಗಿದ ಒಂದು ರಾತ್ರಿಯ ಜಿಬ್ಬರೆಲಿನ್ ಅಲ್ಲಿಯವರೆಗೆ ಉಳಿಯುವ ಮಾತೇ ಇಲ್ಲ.

ಕಡ್ಡಿಯಿಂದ ಸುಲಭವಾಗಿ ಬೇರು ಬಿಡದ ಗಿಡಗಳಿಗೆ ಆಕ್ಸಿನ್ ಬಗೆಯ ಪುಡಿಯಲ್ಲಿ ಕಡ್ಡಿಯ ಬುಡವನ್ನು ಅದ್ದಿ ನೆಡುವುದೂ ಹಾಗೆಯೇ ನಿರಪಾಯ. ಅಮೃತಬಳ್ಳಿ, ದೊಡ್ಡಪತ್ರೆ, ಆಡುಸೋಗೆಗಳಿಗೆ ಅದರ ಅಗತ್ಯವೇ ಇಲ್ಲ. ಮಳೆಗಾಲದಲ್ಲಿ ಕಡ್ಡಿ ಮುರಿದು ಊರಿದರೆ ಬದುಕುತ್ತವೆ. ಅಂಗಾಂಶ ಕೃಷಿಯ ಬಾಳೆಸಸಿಯನ್ನು ನೀವೆಲ್ಲ ಬಲ್ಲಿರಿ. ಆಕ್ಸಿನ್, ಸೈಟೊಕೈನಿನ್‌ಗಳ ಹದವನ್ನು ಬದಲಿಸಿದರೆ ಅದೇ ಅಂಗಾಂಶವು ಬೇರನ್ನೋ ಚಿಗುರನ್ನೋ ಕೊಡುತ್ತದೆಂದು 1957ರಲ್ಲಿ ಸ್ಕೂಗ್ ಮತ್ತು ಮಿಲ್ಲರ್ ಎಂಬುವರು ತೋರಿಸಿದ ದಾರಿಯದು. ಪಶ್ಚಿಮಘಟ್ಟದ ದುರ್ವಾಸನೆ ಮರದಂತಹ, ಕ್ಯಾನ್ಸರ್ ಔಷಧಕ್ಕಾಗಿ ಕಾಡಿನಲ್ಲಿ ಕಡಿದು ಬರಿದಾಗುತ್ತಿರುವ ಸಸ್ಯಗಳನ್ನು ಉಳಿಸಲು ಇದು ನೆರವಾಗಬಲ್ಲದು. ಬಿತ್ತುವಾಗ, ನೆಡುವಾಗ ಚೋದಕ ಇರಲಿ. ಕೊಯ್ಲಿನ ಹೊತ್ತಿನಲ್ಲಿ ಬೇಡ. ನಮ್ಮ ಅಭಿಪ್ರಾಯ ಇಷ್ಟೇ.

ಬದುವಿನ ಸೊಪ್ಪಿನ ಎಚ್ಚರ

ಹಿತ್ತಲಿನ ಪಾತಿಗಿಂತಲೂ ಹೆಚ್ಚು ಚಿಂತೆ ನಮಗಿರುವುದು ಬದುವಿನ ಸೊಪ್ಪಿನ ಬಗ್ಗೆ. ನಿತ್ಯಪುಷ್ಪದ ಪ್ರಸಂಗದಲ್ಲಿ ಹೇಳಿದ 2,4-ಡಿ ನಮ್ಮ ರೈತರಿಗೆ ಚೋದಕವೆಂದಲ್ಲ, ಕಳೆನಾಶಕವೆಂದು ಪರಿಚಿತ. ಗೋವಿನಜೋಳದ ಹೊಲದಲ್ಲಿ, ಭತ್ತದ ಗದ್ದೆಯಲ್ಲಿ ಅಗಲ ಎಲೆಯ ಕಳೆಗಳನ್ನು ಕೊಲ್ಲಲು ಸಿಂಪಡಿಸುವ ಟೂ ಫೋರ್ ಡಿ ಅದೇ. ಕಣದಷ್ಟಿದ್ದಾಗ ಗಿಡವನ್ನು ಬೆಳೆಸುವ ಇದು ಪ್ರಮಾಣ ಮೀರಿದಾಗ ಗಿಡವನ್ನು ಅಡ್ಡಾದಿಡ್ಡಿ ಬೆಳೆಸಿ, ತಿರುಚಿ, ಕೊಲ್ಲುತ್ತದೆ. ಹುಲ್ಲಿನ ಜಾತಿಯ ಭತ್ತ, ಜೋಳಗಳು ಉಳಿಯುತ್ತವೆ. ಸಾಯುವ ಅಗಲ ಎಲೆಯ ಕಳೆಗಳು ಯಾವುವು? ಒಂದೆಲಗ, ನೆಲನೆಲ್ಲಿ, ಗರುಗ, ಕಾಮಾಲೆಗೆ ಸೊಪ್ಪು, ಕೂದಲಿಗೆ ಸೊಪ್ಪು ಎಂದು ನಾವು ಹುಡುಕಿಕೊಂಡು ಹೋಗುವ ಗಿಡಗಳೇ!

ಬದುವಿನ ಮೇಲೆ ಗಾಳಿಗೆ ಹಾರಿ ಬಿದ್ದ ಸಿಂಪಡಣೆ ಗಿಡವನ್ನು ಸಾಯಿಸುವಷ್ಟು ಇರದಿರಬಹುದು. ಗಿಡ ಬದುಕಿರುತ್ತದೆ, ಹಸಿರಾಗಿಯೇ ಇರುತ್ತದೆ, ಎಲೆ ಮಾತ್ರ ದೊನ್ನೆಯಂತೆ ಮುದುಡಿ ಕಾಂಡ ಸೊಟ್ಟಗಾಗಿರುತ್ತದೆ. ಅಂತಹ ಗಿಡ ಕಂಡರೆ ಆ ಬದುವಿನಲ್ಲಿ ಯಾವ ಸೊಪ್ಪನ್ನೂ ಕೀಳಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2015ರಲ್ಲಿ 2,4-ಡಿಯನ್ನು ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದಾದ ವಸ್ತುಗಳ ಗುಂಪಿಗೆ ಸೇರಿಸಿದೆ. ಆ ಗುಂಪಿನಲ್ಲಿ ಸಾಕ್ಷ್ಯ ಬಲವಾಗಿಲ್ಲದ ವಸ್ತುಗಳೂ ಇವೆ. ಹೆದರಿಸಲೆಂದು ಇದನ್ನು ಹೇಳುತ್ತಿಲ್ಲ. ಆದರೆ ಕಾಮಾಲೆಯಾದವನ ಯಕೃತ್ತಿಗೆ ಮದ್ದೆಂದು ಕೊಡುವ ನೆಲನೆಲ್ಲಿಯಲ್ಲಿ ಕಳೆನಾಶಕದ ಒಂದು ಹನಿಯೂ ಇರಬಾರದೆಂಬುದಕ್ಕೆ ಬಲವಾದ ಸಾಕ್ಷ್ಯ ಬೇಕೆ?

ಇನ್ನೊಂದು ಮಾತು ಮಾವಿನ ತೋಟದವರಿಗೆ. ಪ್ರತಿವರ್ಷ ಹೂ ಬರಲೆಂದು ಮರದ ಬುಡಕ್ಕೆ ಹಾಕುವ ಪ್ಯಾಕ್ಲೊಬ್ಯೂಟ್ರಜಾಲ್ ಜಿಬ್ಬರೆಲಿನ್ನಿನ ತಯಾರಿಕೆಯನ್ನು ತಡೆಯುವ ವಸ್ತು. ಅದು ಮಣ್ಣಿನಲ್ಲಿ ದೀರ್ಘಕಾಲ ಉಳಿಯುತ್ತದೆ. ಅಂತಹ ಮರದ ನೆರಳಿನಲ್ಲಿ ಅರಿಶಿನ, ಶತಾವರಿ ಮೊದಲಾದ ಗೆಡ್ಡೆ ಬೇರುಗಳ ಮದ್ದನ್ನು ಬೆಳೆಯದಿರುವುದು ಲೇಸು.

ಕೊಳ್ಳುವಾಗ, ಬೆಳೆಯುವಾಗ

ಜಿಬ್ಬರೆಲಿಕ್ ಆಮ್ಲ, ಎಥೆಫಾನ್, 2,4-ಡಿ ಮೊದಲಾದವು ನಮ್ಮ ದೇಶದಲ್ಲಿ 1968ರ ಕೀಟನಾಶಕ ಕಾಯಿದೆಯ ವ್ಯಾಪ್ತಿಗೆ ಬರುತ್ತವೆ. ಅಂತಹ ಡಬ್ಬಿಯ ಮೇಲೆ ವಸ್ತುವಿನ ಹೆಸರು, ಪ್ರಮಾಣ, ನೋಂದಣಿ ಸಂಖ್ಯೆ, ಯಾವ ಬೆಳೆಗೆ ಎಂಬ ಸೂಚನೆ ಮತ್ತು ಬಣ್ಣದ ತ್ರಿಕೋನ ಇರಲೇಬೇಕು. ಕೆಂಪು ಅತಿ ವಿಷಕಾರಿ, ಅನಂತರ ಹಳದಿ, ನೀಲಿ, ಹಸಿರು ಎಂಬುದು ಅದರ ಕ್ರಮ. ಸಮುದ್ರಕಳೆಯ ಸಾರದಂತಹ ಜೈವಿಕ ಉತ್ತೇಜಕಗಳನ್ನು 2021ರಲ್ಲಿ ರಸಗೊಬ್ಬರ ನಿಯಂತ್ರಣ ಆಜ್ಞೆಯ ಅಡಿಗೆ ತಂದಿದ್ದಾರೆ. ಎರಡರ ಗುರುತೂ ಇಲ್ಲದ ಬಾಟಲಿಯನ್ನು ಯಾರು ಎಷ್ಟೇ ಹೊಗಳಿದರೂ ಮನೆಗೆ ತರಬೇಡಿರಿ. ಶುಂಠಿಗೆ ಎಂದು ಬರೆದದ್ದು ಒಂದೆಲಗಕ್ಕೆ ಸಲ್ಲುವುದಿಲ್ಲ. ಶುಂಠಿಯನ್ನು ತಿಂಗಳುಗಳ ಮೇಲೆ ಅಗೆದು ತೊಳೆದು ತಿನ್ನುತ್ತೇವೆ. ಒಂದೆಲಗವ ನಾಳೆ ಬೆಳಿಗ್ಗೆಯೇ ಕಿತ್ತು ಹಸಿಯಾಗಿ ತಂಬುಳಿ ಮಾಡುತ್ತೇವೆ. ಔಷಧ ಸಸ್ಯಗಳ ಕೃಷಿಗಾಗಿ ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಬೆಳವಣಿಗೆಗಾಗಲಿ ರಕ್ಷಣೆಗಾಗಲಿ ಬಳಸುವ ಕೃಷಿ ರಾಸಾಯನಿಕ ಆದಷ್ಟು ಕನಿಷ್ಠವಾಗಿರಬೇಕೆಂದೇ ಹೇಳುತ್ತದೆ. ವ್ಯಾಪಾರಕ್ಕಾಗಿ ಮೂಲಿಕೆ ಬೆಳೆಯುವವರು ಇರುವಕ್ಕಿಯ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಕೇಳಿ ಮುಂದುವರಿಯಬಹುದು.

ಹಾಗಾದರೆ ಗಿಡಕ್ಕೆ ಏನನ್ನು ಕೊಡಬೇಕು? ಕ್ರಿ.ಶ. 1025ರ ಸುಮಾರಿಗೆ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದಕ್ಕೇ ಒಂದು ಭಾಗವಿದೆ; ಗಿಡಕ್ಕೂ ಉಪಚಾರ ಬೇಕೆಂಬ ಅರಿವು ನಮ್ಮ ನೆಲಕ್ಕೆ ಹೊಸದಲ್ಲ. ಕೊಳೆತ ಸೆಗಣಿಗೊಬ್ಬರವನ್ನು ಉಂಡ ಮಣ್ಣಿನಲ್ಲಿ ಬೇರಿನ ಸುತ್ತ ಬದುಕುವ ಅಜೋಸ್ಪಿರಿಲಮ್‌ನಂತಹ ಸೂಕ್ಷ್ಮಾಣುಗಳು ತಾವೇ ಆಕ್ಸಿನ್ ತಯಾರಿಸಿ ಬೇರಿಗೆ ಕೊಡುತ್ತವೆ, ಗಿಡಕ್ಕೆ ಬೇಕಾದಷ್ಟು, ಬೇಕಾದಾಗ. ಕಡ್ಡಿಯ ಬುಡವನ್ನು ಸೆಗಣಿಯಲ್ಲಿ ಅದ್ದಿ ನೆಡುವ ಹಳೆಯ ರೂಢಿಯನ್ನು ಬಿಡಬೇಕಾದ ಕಾರಣವಿಲ್ಲ. ಹಸಿಯಾಗಿ ತಿನ್ನುವ ಸೊಪ್ಪಿನ ಎಲೆಯ ಮೇಲೆ ಮಾತ್ರ ಸೆಗಣಿನೀರನ್ನಾಗಲಿ ಗಂಜಲವನ್ನಾಗಲಿ ಎರಚಬಾರದು. ಅದರಿಂದ ಬರುವ ಹೊಟ್ಟೆಯ ರೋಗಗಳು ಟಾನಿಕ್ಕಿಗಿಂತ ಬೇಗ ಕಾಣಿಸಿಕೊಳ್ಳುತ್ತವೆ. ಬುಡಕ್ಕೆ ಹಾಕಿರಿ, ಸೊಪ್ಪನ್ನು ಚೆನ್ನಾಗಿ ತೊಳೆಯಿರಿ.

ಕೊಯ್ಲಿನ ಕಾಲವೂ ಒಂದು ಟಾನಿಕ್ಕೇ. ಚರಕಸಂಹಿತೆಯ ಕಲ್ಪಸ್ಥಾನವು ಎಲೆ ಮತ್ತು ರೆಂಬೆಗಳನ್ನು ವರ್ಷ, ವಸಂತಗಳಲ್ಲಿ, ಬೇರನ್ನು ಗ್ರೀಷ್ಮ ಅಥವಾ ಶಿಶಿರದಲ್ಲಿ, ತೊಗಟೆ, ಗೆಡ್ಡೆ ಮತ್ತು ಹಾಲನ್ನು ಶರದೃತುವಿನಲ್ಲಿ ಸಂಗ್ರಹಿಸಬೇಕೆನ್ನುತ್ತದೆ. ಗಿಡದಲ್ಲಿ ಮದ್ದಿನ ಅಂಶ ವರ್ಷವಿಡೀ ಒಂದೇ ಸಮನಿರುವುದಿಲ್ಲವೆಂಬುದನ್ನು ಇಂದಿನ ಪರೀಕ್ಷೆಗಳೂ ಒಪ್ಪುತ್ತವೆ. ಚೋದಕಕ್ಕೆ ಹಣ ಸುರಿಯುವ ಮುನ್ನ ಸರಿಯಾದ ಋತುವಿನಲ್ಲಿ ಕೊಯ್ದು ನೆರಳಿನಲ್ಲಿ ಒಣಗಿಸುವುದನ್ನು ರೂಢಿಸಿಕೊಂಡರೆ ದೊರೆಯುವ ಗುಣ ಹೆಚ್ಚು.

ಉಡುತಡಿಯ ಆ ದಂಪತಿಗಳಿಗೆ ನಾವು ಹೇಳಿದ್ದು ಇಷ್ಟು: ಸಿಂಪಡಿಸಿದ ಪಾತಿಯ ಸೊಪ್ಪನ್ನು ಪೂರ್ತಿ ಕೊಯ್ದು ಗೊಬ್ಬರದ ಗುಂಡಿಗೆ ಹಾಕಿ, ಬದುವಿನಿಂದಲ್ಲದೆ, ಸಿಂಪಡಣೆ ಕಾಣದ ಕೆರೆಯಂಚಿನಿಂದ ಹೊಸ ಬಳ್ಳಿ ತಂದು ಬೇರೆ ಪಾತಿಯಲ್ಲಿ ನೆಡಿ, ಅದು ಹಬ್ಬುವವರೆಗೆ ಹುಡುಗನಿಗೆ ಕೊಡುವುದನ್ನು ನಿಲ್ಲಿಸಿ. ಹುಡುಗನಿಗೆ ದಿನವೂ ಕೊಡಬೇಕೆಂಬ ಹಟವೂ ಬೇಡ, ವಾರದಲ್ಲಿ ಎರಡು ಸಲ ತಂಬುಳಿಯಾದರೆ ಸಾಕೆಂದೆವು. ಒಂದೆಲಗವನ್ನೂ ನೀರುಬ್ರಾಹ್ಮಿಯನ್ನೂ ಜನ ಬ್ರಾಹ್ಮಿಯೆಂಬ ಒಂದೇ ಹೆಸರಿನಿಂದ ಕರೆಯುವುದರಿಂದ ಅವೆರಡೂ ಬೇರೆಬೇರೆ ಗಿಡಗಳೆಂಬುದನ್ನು ಕೂಡ ತೋರಿಸಿ ಕಳಿಸಿದೆವು. ಬಸುರಿಯರು ಮತ್ತು ಯಕೃತ್ತಿನ ತೊಂದರೆಯುಳ್ಳವರು ಒಂದೆಲಗವನ್ನು ಮದ್ದಿನ ಪ್ರಮಾಣದಲ್ಲಿ ತೆಗೆದುಕೊಳ್ಳುವ ಮುನ್ನ ವೈದ್ಯರನ್ನು ಕೇಳಬೇಕು.

ಯಜಮಾನರು ಹಟದ ಮನುಷ್ಯರು. ಹಳೆಯ ಪಾತಿಯ ಒಂದು ಮೂಲೆಯನ್ನು ಉಳಿಸಿಕೊಂಡು ಅಷ್ಟಕ್ಕೆ ಮಾತ್ರ ಟಾನಿಕ್ಕನ್ನು ಮುಂದುವರಿಸಿದರಂತೆ. ಮಹಾಶಿವರಾತ್ರಿಗೆ ಬಂದಾಗ ಎರಡು ಪೊಟ್ಟಣ ತಂದರು. ಎರಡೂ ಪಾತಿಗಳಿಂದ ಒಂದೊಂದು ಸೇರು ತೂಕದ ಹಸಿ ಸೊಪ್ಪನ್ನು ಕೊಯ್ದು, ಒಂದೇ ಅಟ್ಟದ ನೆರಳಿನಲ್ಲಿ ಒಣಗಿಸಿ ಕಟ್ಟಿದ್ದರು. ಟಾನಿಕ್ಕಿನ ಸೊಪ್ಪು ಒಣಗಿದ ಮೇಲೆ ಕೈಯಲ್ಲಿ ಹಿಡಿದರೇ ತಿಳಿಯುವಷ್ಟು ಹಗುರವಾಗಿತ್ತು, ಮೂಸಿದರೆ ಒಣಹುಲ್ಲಿನ ವಾಸನೆ. ಒಣಗಿದ ತೂಕವು ಮದ್ದಿನ ಅಳತೆಯಲ್ಲವೆಂದೂ, ಇದರಿಂದ ನೀರೆಷ್ಟಿತ್ತೆಂಬುದು ಮಾತ್ರ ತಿಳಿಯುವುದೆಂದೂ ನಾವು ಹೇಳಿದೆವು. "ಅಷ್ಟು ತಿಳಿದರೆ ಸಾಕು ಬಿಡಿ, ಇಷ್ಟು ದಿನ ನೀರಿಗೆ ದುಡ್ಡು ಕೊಟ್ಟೆ" ಎಂದು ಅವರು ನಕ್ಕರು. ಜೊತೆಗೆ ತಂದಿದ್ದ ಹೊಸ ಪಾತಿಯ ಹಸಿ ಸೊಪ್ಪನ್ನು ಅಂದಿನ ದಾಸೋಹದಲ್ಲಿ ತಂಬುಳಿ ಮಾಡಿ ಬಡಿಸಲಾಯಿತು.